ಸೋಲು ಅವಮಾನವಲ್ಲ, ಮುಚ್ಚುವುದು ಅವಮಾನ

ನಂಗಲಿಯಿಂದ ಸಂಗಾತಿಯೊಬ್ಬರು ನಮಗೆ ಒಂದು ಕಾಗದ ಬರೆದಿದ್ದಾರೆ. ರಾಗಿಯ ಬೆಲೆ, ಕೆರೆಯ ಹೂಳು, ಟೊಮೇಟೊ ಮಂಡಿಯ ಕಮಿಷನ್ನು, ಬಗರ್‌ಹುಕುಂ ಅರ್ಜಿ ಮೊದಲಾಗಿ ಈ ಪುಟದಲ್ಲಿ ವಾರವಾರವೂ ಕಾಣಿಸುವ ಸಂಗತಿಗಳಲ್ಲಿ ಒಂದೂ ಅದರಲ್ಲಿಲ್ಲ. ಅವರ ಮಗ ಶಾಲೆಯ ತಂಡದಲ್ಲಿ ಕಾಲ್ಚೆಂಡು ಆಡುವವನು. ತಾಲ್ಲೂಕು ದಾಟಿ ಜಿಲ್ಲೆಯ ಮಟ್ಟದವರೆಗೆ ಹೋಗಿಬಂದವನು. “ಚೆಂಡು ಒದ್ದರೆ ಹೊಟ್ಟೆ ತುಂಬುತ್ತದೆಯೇನೋ?” ಎಂದು ಮನೆಯ ಹಿರಿಯರು ಕೇಳಿದರೆ ಹಿಂದೆಲ್ಲ ಕೊಡಲು ಒಂದು ಉತ್ತರವಿತ್ತಂತೆ: ಚೆನ್ನಾಗಿ ಆಡಿದರೆ ಬೆಂಗಳೂರಿನ ಎಚ್.ಎ.ಎಲ್. ಆಗಲಿ ಐ.ಟಿ.ಐ. ಆಗಲಿ ಕೆಲಸಕ್ಕೆ ತೆಗೆದುಕೊಳ್ಳುತ್ತದೆ ಎಂದು. ಈಗ ಆ ಮಾತು ಹೇಳುವ ಧೈರ್ಯ ಯಾರಿಗೂ ಇಲ್ಲ. “ಆಟವೆಂಬುದು ಉಳ್ಳವರ ವಿಷಯವೆಂದು ನಮ್ಮ ಪಕ್ಷವೂ ತೀರ್ಮಾನಿಸಿಬಿಟ್ಟಿದೆಯೆ? ನಮ್ಮ ಪತ್ರಿಕೆ ಏಕೆ ಸುಮ್ಮನಿದೆ?” ಎಂಬುದು ಆ ಸಂಗಾತಿಯ ಪ್ರಶ್ನೆ.

ಪ್ರಶ್ನೆ ನ್ಯಾಯವಾದದ್ದು, ತಪ್ಪು ನಮ್ಮದು. ದುಡಿಯುವವನ ಕೂಲಿ, ನೆಲ, ಸೂರು ಇವುಗಳ ಬಗ್ಗೆ ಬರೆದಷ್ಟು ನಾವು ಅವನ ಬಿಡುವಿನ ಬಗ್ಗೆ ಬರೆದಿಲ್ಲ. ಆದ್ದರಿಂದ ಈ ವಾರ ಒಂದು ಕಾಲ್ಚೆಂಡಿನ ತಂಡದ, ಅದೂ ಸೋತ ತಂಡದ, ಕಥೆಯನ್ನು ಓದುಗರ ಮುಂದಿಡುತ್ತೇವೆ. ಗೆದ್ದವರ ಕಥೆ ಹೇಳಲು ಬೇಕಾದಷ್ಟು ಪತ್ರಿಕೆಗಳಿವೆ. ಸೋತವರ ಕಥೆಯಲ್ಲಿಯೇ ವ್ಯವಸ್ಥೆಯ ನಿಜವಾದ ಮುಖ ಕಾಣಿಸುತ್ತದೆ.

ಬೆಂಗಳೂರಿನ ವಿಮಾನ ಕಾರ್ಖಾನೆ ಹುಟ್ಟಿದ್ದು 1940ರಲ್ಲಿ, ವಾಲ್‌ಚಂದ್ ಹೀರಾಚಂದರ ಉದ್ಯಮಶೀಲತೆ ಮತ್ತು ಮೈಸೂರು ಸರ್ಕಾರದ ಪಾಲುಬಂಡವಾಳ ಕೂಡಿ. 1964ರಲ್ಲಿ ಅದಕ್ಕೆ ಹಿಂದೂಸ್ತಾನ್ ಏರೋನಾಟಿಕ್ಸ್ ಎಂಬ ಇಂದಿನ ಹೆಸರಾಯಿತು. ಆ ಕಾರ್ಖಾನೆಯ ಕಾಲ್ಚೆಂಡಿನ ತಂಡ 2010ರಲ್ಲಿ ರಾಷ್ಟ್ರೀಯ ಐ-ಲೀಗಿನ ಎರಡನೆಯ ವಿಭಾಗದಿಂದ ಮೇಲೇರಿ ಮೊದಲನೆಯ ವಿಭಾಗಕ್ಕೆ ಬಂತು. ಕಲ್ಕತ್ತೆಯ ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್, ಗೋವೆಯ ಡೆಂಪೋ, ಸಾಲ್ಗಾಂವ್ಕರ್ ಮುಂತಾದ ಘಟಾನುಘಟಿಗಳ ಪಂಕ್ತಿ ಅದು. ಆ ತಂಡಗಳಲ್ಲಿ ಹೊರದೇಶದಿಂದ ಹಣ ಕೊಟ್ಟು ತರಿಸಿದ ಆಟಗಾರರಿದ್ದರು. ಎಚ್.ಎ.ಎಲ್. ತಂಡದಲ್ಲಿದ್ದವರು ನಮ್ಮವರೇ, ಬಹುಪಾಲು ಆ ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರು.

ಮೊದಲ ವರ್ಷ ತಂಡ ಹೇಗೋ ತಲೆಯೆತ್ತಿ ನಿಂತಿತು. ಎರಡನೆಯ ವರ್ಷ, ಎಂದರೆ 2011-12ರಲ್ಲಿ, ನಿಲ್ಲಲಾಗಲಿಲ್ಲ. ಹದಿನಾಲ್ಕು ತಂಡಗಳು, ಪ್ರತಿಯೊಂದಕ್ಕೂ 26 ಪಂದ್ಯ. ಎಚ್.ಎ.ಎಲ್. ಪಟ್ಟಿಯ ಕಟ್ಟಕಡೆಗೆ, ಹದಿನಾಲ್ಕನೆಯ ಸ್ಥಾನಕ್ಕೆ ಇಳಿಯಿತು. ಕೇರಳದ ಚಿರಾಗ್ ಯುನೈಟೆಡ್ ತಂಡದೊಡನೆ ಕೆಳಗಿನ ವಿಭಾಗಕ್ಕೆ ತಳ್ಳಲ್ಪಟ್ಟಿತು. ಆ ವರ್ಷ ಗೆದ್ದದ್ದು ಡೆಂಪೋ. ಸೋಲಿನ ಮೇಲೆ ಸೋಲು ಬರುತ್ತಿದ್ದಾಗಲೂ ಬೆಂಗಳೂರಿನ ಫುಟ್‌ಬಾಲ್ ಕ್ರೀಡಾಂಗಣದ ಮೆಟ್ಟಿಲ ಮೇಲೆ ಕೂತು ತಂಡವನ್ನು ಹುರಿದುಂಬಿಸಿದ ಜನ ಇದ್ದರು. ಗೆಲ್ಲುವ ಕುದುರೆಯ ಬಾಲ ಹಿಡಿಯುವವರಲ್ಲ ಅವರು. ಅಂಥವರೇ ಆಟವನ್ನು ಉಳಿಸುವವರು.

ಇಷ್ಟನ್ನೇ ಕೇಳಿದರೆ ಇದೊಂದು ಸಾಮಾನ್ಯ ಸೋಲಿನ ಕಥೆ. ಓದುಗರು ಈಗ ಇನ್ನೊಂದು ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಇದು ಕಾಲ್ಚೆಂಡಾಟದ ತವರಾದ ಇಂಗ್ಲೆಂಡಿನದು.

ಮ್ಯಾಂಚೆಸ್ಟರಿನ ಬಡಗಣಕ್ಕೆ ಬರಿ ಎಂಬ ಊರಿದೆ. ಹತ್ತಿಗಿರಣಿಗಳಿಂದ ಬೆಳೆದ ಊರು. ಅಲ್ಲಿನ ಕ್ಲಬ್ಬು 1885ರಲ್ಲಿ ಹುಟ್ಟಿದ್ದು. 1900ರಲ್ಲಿ ಒಮ್ಮೆ, 1903ರಲ್ಲಿ ಮತ್ತೊಮ್ಮೆ ಇಡೀ ಇಂಗ್ಲೆಂಡಿನ ಎಫ್.ಎ. ಕಪ್ಪನ್ನು ಗೆದ್ದದ್ದು. ಕಾಲ ಕಳೆದಂತೆ ಅದು ಕೆಳಗಿನ ವಿಭಾಗಗಳಲ್ಲಿ ಏಳುತ್ತ ಬೀಳುತ್ತ ಉಳಿದುಕೊಂಡಿತ್ತು. 2018ರ ಡಿಸೆಂಬರಿನಲ್ಲಿ ಒಬ್ಬ ವ್ಯಾಪಾರಿ ಆ ಕ್ಲಬ್ಬನ್ನು ಅದರ ಸಾಲಸೋಲಗಳ ಸಮೇತ ಒಂದೇ ಒಂದು ಪೌಂಡಿಗೆ ಕೊಂಡುಕೊಂಡ. ಆ ವರ್ಷ ಆಟಗಾರರಿಗೆ ಸಂಬಳ ಸರಿಯಾಗಿ ಬರಲಿಲ್ಲ. ಸಂಬಳವಿಲ್ಲದೆಯೂ ಅವರು ಆಡಿದರು. ಆಡಿ ನಾಲ್ಕನೆಯ ವಿಭಾಗದಲ್ಲಿ ಎರಡನೆಯ ಸ್ಥಾನ ಗಳಿಸಿ ಮೇಲಿನ ವಿಭಾಗಕ್ಕೆ ಏರಿದರು. ಏರಿದ ತಂಡ ಹೊಸ ವಿಭಾಗದಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. ಲೆಕ್ಕಪತ್ರ ತೋರಿಸಲಾಗಲಿಲ್ಲ, ಸಾಲ ತೀರಿಸುವ ದಾರಿ ಹೇಳಲಾಗಲಿಲ್ಲವೆಂದು 2019ರ ಆಗಸ್ಟ್ 27ರಂದು ಲೀಗಿನಿಂದಲೇ ಹೊರದೂಡಲಾಯಿತು. 1894ರಿಂದ, ನೂರಿಪ್ಪತ್ತೈದು ವರ್ಷ, ಎರಡು ಮಹಾಯುದ್ಧಗಳನ್ನು ದಾಟಿ ಉಳಿದಿದ್ದ ಸದಸ್ಯತ್ವ ಒಂದು ಸಂಜೆಯಲ್ಲಿ ಮುಗಿಯಿತು.

ಈ ಎರಡು ಕಥೆಗಳಲ್ಲಿ ಯಾವುದು ದೊಡ್ಡ ದುರಂತ? ಎಚ್.ಎ.ಎಲ್. ಮೈದಾನದಲ್ಲಿ ಸೋತಿತು. ಬರಿ ಮೈದಾನದಲ್ಲಿ ಗೆದ್ದು ಖಾತೆಪುಸ್ತಕದಲ್ಲಿ ಸತ್ತಿತು. ಎಚ್.ಎ.ಎಲ್. ಸೋತ ಮಾರನೆಯ ದಿನ ಅದರ ನೌಕರ-ಆಟಗಾರ ಕಾರ್ಖಾನೆಯ ಗೇಟಿಗೆ ಹೋಗಿ ಹಾಜರಿ ಹಾಕಬಹುದಾಗಿತ್ತು. ತಿಂಗಳ ಕೊನೆಗೆ ಅವನ ಮನೆಯ ಒಲೆ ಉರಿಯುತ್ತಿತ್ತು. ಬರಿಯ ಆಟಗಾರ ಗೆದ್ದ ಮಾರನೆಯ ದಿನ ಮನೆಬಾಡಿಗೆ ಕಟ್ಟುವುದು ಹೇಗೆಂದು ಯೋಚಿಸಬೇಕಾಯಿತು. ನಾವು ಹೇಳಬೇಕೆಂದಿರುವ ಮಾತು ಇದೇ. ಸೋಲು ಆಟದ ಧರ್ಮ. ಹತ್ತು ತಂಡ ಆಡಿದರೆ ಒಂದು ಕೊನೆಗೆ ಬರಲೇಬೇಕು; ಅದರಲ್ಲಿ ಅವಮಾನವಿಲ್ಲ. ಒಬ್ಬ ಮಾಲಿಕನ ಜೇಬು ಬರಿದಾಯಿತೆಂದೋ ಮನಸ್ಸು ಬದಲಾಯಿತೆಂದೋ ಊರಿಗೆ ಊರೇ ತನ್ನದೆಂದು ನಂಬಿದ್ದ ತಂಡವನ್ನು ಮುಚ್ಚಿಬಿಡುವುದು, ಅದು ಅವಮಾನ. ಆ ಅವಮಾನ ಆಡಿದವರದಲ್ಲ, ಮುಚ್ಚಿದವರದು.

ನಮ್ಮ ದೇಶದಲ್ಲಿಯೂ ಇಂಥ ಮುಚ್ಚುವಿಕೆ ಹೊಸದಲ್ಲ. 2005-06ರಲ್ಲಿ ರಾಷ್ಟ್ರೀಯ ಲೀಗನ್ನು ಗೆದ್ದ ಮಹೀಂದ್ರ ಯುನೈಟೆಡ್ ತಂಡವನ್ನು 2010ರಲ್ಲಿ ಅದರ ಧಣಿಗಳು ಮುಚ್ಚಿದರು. 1996-97ರಲ್ಲಿ ಮೊಟ್ಟಮೊದಲ ರಾಷ್ಟ್ರೀಯ ಲೀಗನ್ನು ಗೆದ್ದ ಪಂಜಾಬಿನ ಜೆ.ಸಿ.ಟಿ. ಗಿರಣಿಯ ತಂಡ 2011ರಲ್ಲಿ ಕಣ್ಣುಮುಚ್ಚಿತು. 2013ರಲ್ಲಿ ಏರ್ ಇಂಡಿಯಾ ಮತ್ತು ಓ.ಎನ್.ಜಿ.ಸಿ. ತಂಡಗಳನ್ನು, ಕ್ಲಬ್ ಪರವಾನಗಿಯ ಷರತ್ತುಗಳನ್ನು ಪೂರೈಸಲಿಲ್ಲವೆಂದು ಐ-ಲೀಗಿನಿಂದ ಕೈಬಿಡಲಾಯಿತು. ಸಾರ್ವಜನಿಕ ಉದ್ಯಮದ ತಂಡಗಳು ಹಿಂಬಾಗಿಲಿನಿಂದ ಹೊರಗೆ ಹೋದ ಅದೇ ವರ್ಷ, ಕೆಳಗಿನ ವಿಭಾಗದಲ್ಲಿ ಒಂದು ಪಂದ್ಯವನ್ನೂ ಆಡದ ಹೊಸ ಖಾಸಗಿ ತಂಡವೊಂದು ನಮ್ಮ ಬೆಂಗಳೂರಿನಲ್ಲಿಯೇ ಮುಂಬಾಗಿಲಿನಿಂದ ಒಳಗೆ ಬಂತು. ಆ ಬೆಂಗಳೂರು ಎಫ್.ಸಿ.ಯ ಹುಡುಗರು ಚೆನ್ನಾಗಿ ಆಡಿದರು, ಮೊದಲ ವರ್ಷವೇ ಲೀಗನ್ನು ಗೆದ್ದರು ಎಂಬುದನ್ನು ನಾವು ಸಂತೋಷದಿಂದ ಒಪ್ಪುತ್ತೇವೆ. ಆಟಗಾರರ ಮೇಲೆ ನಮಗೆ ಯಾವ ಮುನಿಸೂ ಇಲ್ಲ. ನಮ್ಮ ಜಗಳ ಬಾಗಿಲು ಕಾಯುವವರ ಮೇಲೆ.

ಆ ಬಾಗಿಲನ್ನು ಮಾರಿದ್ದು 2010ರಲ್ಲಿ. ಆ ವರ್ಷದ ಡಿಸೆಂಬರಿನಲ್ಲಿ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನು ದೇಶದ ಕಾಲ್ಚೆಂಡಾಟದ ವಾಣಿಜ್ಯ ಹಕ್ಕುಗಳನ್ನು ಹದಿನೈದು ವರ್ಷಕ್ಕೆ, 700 ಕೋಟಿ ರೂಪಾಯಿಗೆ, ರಿಲಯನ್ಸ್ ಪಾಲುದಾರಿಕೆಯ ಕಂಪನಿಗೆ ಕೊಟ್ಟಿತು. ಅದರ ಫಲವಾಗಿ 2014ರಲ್ಲಿ ಇಂಡಿಯನ್ ಸೂಪರ್ ಲೀಗು ಬಂತು. ಹಳೆಯ ಲೀಗಿನಲ್ಲಿ ಸೋತವನು ಕೆಳಗಿಳಿಯಬೇಕಾಗಿತ್ತು, ಗೆದ್ದವನು ಮೇಲೇರಬಹುದಾಗಿತ್ತು. ಹೊಸ ಲೀಗಿನಲ್ಲಿ ಹಣ ಕಟ್ಟಿ ಒಳಗೆ ಬಂದವನು ಎಷ್ಟು ಸೋತರೂ ಕೆಳಗಿಳಿಯಬೇಕಾಗಿರಲಿಲ್ಲ. ಹೊರಗಿದ್ದ ಬಡವ ಎಷ್ಟು ಗೆದ್ದರೂ 2023ರವರೆಗೆ ಮೇಲೇರುವ ಹಾಗಿರಲಿಲ್ಲ. ನಮ್ಮ ಸಮಾಜದ ಏಣಿ ಹೇಗಿದೆಯೆಂದು ತಿಳಿಯಲು ಬೇರೆ ಪುಸ್ತಕ ಬೇಡ. ಇದೊಂದು ಪಟ್ಟಿ ಸಾಕು.

ಹದಿನೈದು ವರ್ಷದ ಕರಾರು ಮುಗಿಯುತ್ತ ಬಂದಾಗ ಏನಾಯಿತು? 2025ರ ಜುಲೈಯಲ್ಲಿ, ಮುಂದಿನ ಕರಾರು ಕುದುರಲಿಲ್ಲವೆಂದು ಸೂಪರ್ ಲೀಗನ್ನೇ ತಡೆಹಿಡಿಯಲಾಯಿತು. ಆಗಸ್ಟಿನಲ್ಲಿ ಬೆಂಗಳೂರು ಎಫ್.ಸಿ. ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಬಣ್ಣಬಣ್ಣದ ದೀಪ, ಸಿನಿಮಾ ತಾರೆಯರ ಕುಣಿತ, ಪಟಾಕಿ ಎಲ್ಲವೂ ಇದ್ದ ಮಂಟಪದಲ್ಲಿ ಕೊನೆಗೆ ಅಡಿಗೆಯವನಿಗೆ ಕೂಲಿ ಕೊಡುವವರಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

“ಆಟವೆಂದರೆ ಹಣವಂತರ ಆಸರೆಯಿಲ್ಲದೆ ನಡೆಯುವುದಿಲ್ಲ” ಎಂದು ವಾದಿಸುವವರಿದ್ದಾರೆ. ಅವರು ಆಟದ ಚರಿತ್ರೆಯನ್ನು ಓದಬೇಕು. ಇಂಗ್ಲೆಂಡಿನಲ್ಲಿ 1850ರ ಕಾರ್ಖಾನೆ ಕಾಯಿದೆ ಜವಳಿ ಗಿರಣಿಗಳ ಹೆಂಗಸರಿಗೂ ಎಳೆಯರಿಗೂ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಕೆಲಸ ನಿಲ್ಲಬೇಕೆಂದು ವಿಧಿಸಿತು. ಕ್ರಮೇಣ ಗಂಡಸರಿಗೂ ಆ ಅರ್ಧ ದಿನ ದಕ್ಕಿತು. ಹೋರಾಡಿ ಪಡೆದ ಆ ಅರ್ಧ ದಿನದ ಬಿಡುವಿನಲ್ಲಿ ಬೆಳೆದ ಆಟ ಇದು. ಇಂದು ಜಗತ್ತೆಲ್ಲ ಹೆಸರು ಹೇಳುವ ಮ್ಯಾಂಚೆಸ್ಟರ್ ಯುನೈಟೆಡ್ 1878ರಲ್ಲಿ ರೈಲ್ವೆ ಕಾರ್ಮಿಕರು ಕಟ್ಟಿದ ತಂಡ. ಆರ್ಸೆನಲ್ 1886ರಲ್ಲಿ ಮದ್ದುಗುಂಡಿನ ಕಾರ್ಖಾನೆಯ ಕೆಲಸಗಾರರು ಕಟ್ಟಿದ್ದು. ವೆಸ್ಟ್ ಹ್ಯಾಮ್ 1895ರಲ್ಲಿ ಥೇಮ್ಸ್ ದಂಡೆಯ ಹಡಗು ಕಟ್ಟುವವರ ನಡುವೆ ಹುಟ್ಟಿದ್ದು. ಕಟ್ಟಿದವನು ಕಾರ್ಮಿಕ, ಕೊಂಡವನು ಬಂಡವಾಳಗಾರ.

ನಮ್ಮ ನಾಡಿನ ಚರಿತ್ರೆಯೂ ಬೇರೆಯಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಬೊಂಬಾಯಿಯ ರೋವರ್ಸ್ ಕಪ್ಪನ್ನು ಗೋರಾ ಪಲ್ಟನ್ನುಗಳ ಕೈಯಿಂದ ಕಿತ್ತು ತಂದಿತು. 1938ರಲ್ಲಿ ಮತ್ತೆ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ, ಸ್ವತಂತ್ರ ಭಾರತದ ತಂಡ ಬಹುಪಾಲು ಬರಿಗಾಲಿನಲ್ಲಿ ಫ್ರಾನ್ಸಿನ ಎದುರು ನಿಂತಾಗ, ಒಲಿಂಪಿಕ್ಸಿನಲ್ಲಿ ಭಾರತದ ಮೊಟ್ಟಮೊದಲ ಗೋಲನ್ನು ಹೊಡೆದವನು ಬೆಂಗಳೂರಿನ ಸಾರಂಗಪಾಣಿ ರಾಮನ್. ಅಂದು ನಾವು 2-1ರಿಂದ ಸೋತೆವು. ಆ ಸೋಲನ್ನು ನೆನೆದು ಇಂದಿಗೂ ಯಾರೂ ತಲೆತಗ್ಗಿಸುವುದಿಲ್ಲ. ಅಂದೇ ಆಡಿದ ಅಹಮದ್ ಖಾನ್ ಬೆಂಗಳೂರಿನವರು. ಮುಂದೆ ಕೆಂಪಯ್ಯ, ಅರುಮೈನಾಯಗಂ ಇಲ್ಲಿಂದ ಹೋದರು. ಮೈಸೂರು ರಾಜ್ಯದ ತಂಡ 1946-47, 1952-53, 1967-68, 1968-69ರಲ್ಲಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಐದನೆಯ ಗೆಲುವಿಗೆ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚಿಯಲ್ಲಿ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕದ ಹುಡುಗರು ಆ ಬಟ್ಟಲನ್ನು ಮತ್ತೆ ತಂದರು. ಮೈದಾನವೂ ಬಿಡುವೂ ಒಂದು ನೌಕರಿಯ ಭರವಸೆಯೂ ಸಿಕ್ಕಿದ ಕಡೆಯಲ್ಲೆಲ್ಲ ನಮ್ಮ ಹುಡುಗರು ಆಡಿ ತೋರಿಸಿದ್ದಾರೆ.

ಈಗ ನಮ್ಮ ಜಿಲ್ಲೆಯ ಮಾತಿಗೆ ಬರೋಣ. ಕೋಲಾರ ಚಿನ್ನದ ಗಣಿಯಲ್ಲಿ 1880ರಿಂದ ಜಾನ್ ಟೇಲರ್ ಕಂಪನಿಯ ಬಿಳಿಯರು ಚಿನ್ನ ತೆಗೆದರು. ಅವರೊಡನೆ ಬಂದ ಕಾಲ್ಚೆಂಡು ಗಣಿಯ ಕೂಲಿಯವರ ಮಕ್ಕಳ ಆಟವಾಯಿತು. ಮೂರು ಕಿಲೋಮೀಟರಿಗಿಂತ ಆಳದ ಬಿಸಿಯಲ್ಲಿ ಬಂಡೆ ಒಡೆದವನು ಮೇಲೆ ಬಂದು ಬಯಲಿನ ಗಾಳಿಯಲ್ಲಿ ಚೆಂಡಿನ ಹಿಂದೆ ಓಡಿದರೆ ಅದು ಅವನಿಗೆ ಬರಿಯ ಮನರಂಜನೆಯಾಗಿರಲಿಲ್ಲ. ತಾನೂ ಮನುಷ್ಯನೆಂಬ ಅರಿವಾಗಿತ್ತು. 1956ರಲ್ಲಿ ಗಣಿಗಳು ರಾಷ್ಟ್ರೀಕರಣವಾದವು. 2001ರ ಫೆಬ್ರವರಿ 28ರಂದು ಮುಚ್ಚಿದವು. ಅಂದಿನಿಂದ ಅಲ್ಲಿನ ಸಾವಿರಾರು ಮಂದಿ ಮುಂಜಾನೆಯ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿಯ ರೈಲಿಗೆ ಮನೆಗೆ ಬರುತ್ತಾರೆ. ನಂಗಲಿ, ಮುಳಬಾಗಿಲ ಕಡೆಯ ಹುಡುಗರಿಗೆ ರೈಲಿನ ಬದಲು ಕಾರ್ಖಾನೆಯ ಬಸ್ಸು; ಪಾಳಿಯ ಮೇಲೆ ಪಾಳಿ, ಕೆಲಸವೆಲ್ಲ ಗುತ್ತಿಗೆಯದು. ಇವರು ಚೆಂಡನ್ನು ಮುಟ್ಟುವುದು ಯಾವಾಗ? ಹಗಲನ್ನೇ ಕಸಿದುಕೊಂಡ ಮೇಲೆ ಮೈದಾನ ಕೊಟ್ಟರೇನು, ಬಿಟ್ಟರೇನು?

ಇಲ್ಲಿಗೆ ನಂಗಲಿಯ ಸಂಗಾತಿಯ ಪ್ರಶ್ನೆಯ ತಿರುಳಿಗೆ ಬಂದೆವು. ಎಚ್.ಎ.ಎಲ್. ತಂಡ 2012ರಲ್ಲಿ ಕೆಳಗಿಳಿದ ಮೇಲೆ ಮತ್ತೆ ದೇಶದ ಮೊದಲ ವಿಭಾಗಕ್ಕೆ ಏರಲಿಲ್ಲ. ಇದರಲ್ಲಿ ಸಾರ್ವಜನಿಕ ಉದ್ಯಮಗಳನ್ನು ನಡೆಸುವವರ ತಪ್ಪೇ ಇಲ್ಲವೆಂದು ನಾವು ಹೇಳುವುದಿಲ್ಲ. ನಮ್ಮವರೆಂಬ ಕಾರಣಕ್ಕೆ ತಪ್ಪನ್ನು ಮುಚ್ಚಿಡುವುದು ಸಮಾಜವಾದವಲ್ಲ. ಕಾಯಂ ನೇಮಕ ಇಳಿದ ಹಾಗೆಲ್ಲ ಕ್ರೀಡಾಪಟುಗಳ ನೇಮಕವೂ ಇಳಿಯಿತು. ತಂಡವನ್ನು ಕಾರ್ಮಿಕರ ಸ್ವತ್ತೆಂದು ಬೆಳೆಸುವ ಬದಲು ಉತ್ಸವಮೂರ್ತಿಯ ಹಾಗೆ ವರ್ಷಕ್ಕೊಮ್ಮೆ ಹೊರಗೆ ತಂದು ಮತ್ತೆ ಒಳಗಿಡುವ ಪದ್ಧತಿ ಎಷ್ಟು ಕಡೆ ಇಲ್ಲ? ನಮ್ಮ ಕಾರ್ಮಿಕ ಸಂಘಗಳೂ ತಮ್ಮನ್ನು ಕೇಳಿಕೊಳ್ಳಲಿ. ಬೋನಸ್ಸಿಗೆ, ಕ್ಯಾಂಟೀನಿಗೆ, ಪಾಳಿಯ ಭತ್ಯಕ್ಕೆ ಗೇಟಿನ ಮುಂದೆ ನಿಂತ ನಾವು ಆಟದ ತಂಡವೂ ಕಾರ್ಮಿಕನ ಹಕ್ಕೆಂದು ಎಷ್ಟು ಸಲ ಬೇಡಿಕೆಪಟ್ಟಿಯಲ್ಲಿ ಬರೆದಿದ್ದೇವೆ?

“ವಿಮಾನ ಮಾಡುವವರಿಗೆ ಚೆಂಡಿನ ಉಸಾಬರಿ ಏಕೆ? ತೆರಿಗೆ ಕಟ್ಟುವವನ ಹಣ ಪೋಲಲ್ಲವೆ?” ಎಂದು ಕೇಳುವ ಪಂಡಿತರಿದ್ದಾರೆ. ಅವರಿಗೆ ನಮ್ಮ ಉತ್ತರ ಸರಳ. ಒಬ್ಬ ಆಟಗಾರನಿಗೆ ಕೊಡುವ ಕಾಯಂ ಕೆಲಸ ಅವನೊಬ್ಬನಿಗೆ ಕೊಟ್ಟ ಕೆಲಸವಲ್ಲ. ಅದನ್ನು ಕಂಡು ಅವನ ಊರಿನ ಐವತ್ತು ಹುಡುಗರು ಸಂಜೆ ಇಸ್ಪೀಟಿನ ಕಟ್ಟೆಯನ್ನು ಬಿಟ್ಟು ಮೈದಾನಕ್ಕೆ ಹೋಗುತ್ತಾರೆ. ಮೊಣಕಾಲು ಮುರಿದರೆ ಬೀದಿಗೆ ಬೀಳುವುದಿಲ್ಲವೆಂಬ ಧೈರ್ಯವಿದ್ದರೆ ಬಡವನ ಮಗ ಆಡುತ್ತಾನೆ; ಆ ಧೈರ್ಯವಿಲ್ಲದಿದ್ದರೆ ಉಳ್ಳವನ ಮಗನೊಬ್ಬನೇ ಆಡುತ್ತಾನೆ. ಲಾಭಕೋರರ ಲೀಗು ಕೊಡಲಾಗದ ಆ ಧೈರ್ಯವನ್ನು ಕಾರ್ಖಾನೆಯ ಹಾಜರಿ ಪುಸ್ತಕ ಕೊಡುತ್ತಿತ್ತು.

ಧಣಿಗಳಿಲ್ಲದೆ ಕ್ಲಬ್ಬು ನಡೆಯುತ್ತದೆಯೆ ಎಂಬ ಸಂಶಯಕ್ಕೂ ಉತ್ತರವಿದೆ. ಲಂಡನ್ನಿನ ವಿಂಬಲ್ಡನ್ ಕ್ಲಬ್ಬನ್ನು ದೂರದ ಮಿಲ್ಟನ್ ಕೀನ್ಸಿಗೆ ಎತ್ತಿಕೊಂಡು ಹೋಗಲು 2002ರಲ್ಲಿ ಅದರ ಮಾಲಿಕರಿಗೆ ಅನುಮತಿ ಸಿಕ್ಕಿತು. ಕ್ಲಬ್ಬನ್ನು ಕಳೆದುಕೊಂಡ ಜನ ಅಳುತ್ತ ಕೂಡಲಿಲ್ಲ. ತಾವೇ ಸೇರಿ ಅದೇ ವರ್ಷ ಎ.ಎಫ್.ಸಿ. ವಿಂಬಲ್ಡನ್ ಎಂಬ ಹೊಸ ಕ್ಲಬ್ಬು ಕಟ್ಟಿ, ತೀರ ಕೆಳಗಿನ ವಿಭಾಗದಿಂದ ಹೊರಟು, ಒಂಬತ್ತು ವರ್ಷದಲ್ಲಿ, 2011ರಲ್ಲಿ, ರಾಷ್ಟ್ರದ ಲೀಗಿಗೆ ಏರಿದರು. 2020ರಲ್ಲಿ ತಮ್ಮ ಹಳೆಯ ಬೀದಿಗೇ ಮರಳಿದರು. ಬರಿಯ ಜನರೂ ತಮ್ಮ ಹಳೆಯ ಗಿಗ್ ಲೇನ್ ಮೈದಾನವನ್ನು 2022ರಲ್ಲಿ ಬಿಡಿಸಿಕೊಂಡು 2023ರಿಂದ ಅಲ್ಲಿ ಮತ್ತೆ ಆಡತೊಡಗಿದರು. ಕೊನೆಗೆ ಬ್ರಿಟನ್ನಿನ ಪಾರ್ಲಿಮೆಂಟೇ 2025ರಲ್ಲಿ ಕಾಯಿದೆ ಮಾಡಿ, ಕ್ಲಬ್ಬುಗಳ ಲೆಕ್ಕಪತ್ರವನ್ನೂ ಮಾಲಿಕರ ಯೋಗ್ಯತೆಯನ್ನೂ ಪರೀಕ್ಷಿಸಲು ಸ್ವತಂತ್ರ ನಿಯಂತ್ರಕನನ್ನು ನೇಮಿಸಬೇಕಾಯಿತು. ಖಾಸಗಿ ಬಂಡವಾಳದ ತವರಿನಲ್ಲಿಯೇ ಈ ಬುದ್ಧಿ ಬಂದಿರುವಾಗ ನಮ್ಮ ದಿಲ್ಲಿಗೂ ಬೆಂಗಳೂರಿಗೂ ಏಕೆ ಬರಬಾರದು?

ಆದ್ದರಿಂದ ನಮ್ಮ ಬೇಡಿಕೆಗಳನ್ನು ಸ್ಪಷ್ಟವಾಗಿ ಮುಂದಿಡುತ್ತೇವೆ. ಸಾರ್ವಜನಿಕ ಉದ್ಯಮಗಳಲ್ಲಿ ಕ್ರೀಡಾಪಟುಗಳ ನೇಮಕ ಮತ್ತೆ ಆಗಬೇಕು. ಗುತ್ತಿಗೆಯ ಮೇಲಲ್ಲ, ಕಾಯಮ್ಮಾಗಿ. ಗಂಡು ಹುಡುಗರಿಗೆ ಎಷ್ಟೋ ಹೆಣ್ಣು ಹುಡುಗಿಯರಿಗೂ ಅಷ್ಟೇ. ಸರ್ಕಾರದ ನೆಲ ಪಡೆದು ನಮ್ಮ ಜಿಲ್ಲೆಯ ನರಸಾಪುರ, ವೇಮಗಲ್ಲುಗಳಲ್ಲಿ ಕಾರ್ಖಾನೆ ಕಟ್ಟಿದವರು ಕಾರ್ಮಿಕರಿಗೆ ಒಂದು ಮೈದಾನವನ್ನೂ, ಆಡಲು ಹಗಲಿನ ಬಿಡುವನ್ನೂ ಕೊಡಬೇಕು. ಚಿನ್ನದ ಗಣಿಯ ಊರಿನ ಆಟದ ಬಯಲುಗಳನ್ನು ಯಾವ ಹೆಸರಿನಲ್ಲಿಯೂ ಹರಾಜಿಗಿಡಬಾರದು. ಯಾವ ಕ್ಲಬ್ಬನ್ನೇ ಆಗಲಿ ಆಟಗಾರರ ಬಾಕಿ ತೀರಿಸದೆ, ಅದನ್ನು ಬೆಂಬಲಿಸಿದ ಜನರ ಪ್ರತಿನಿಧಿಗಳನ್ನು ಕೇಳದೆ ಮುಚ್ಚಲು ಕಾನೂನು ಬಿಡಬಾರದು. ಪ್ರತಿ ಹೋಬಳಿಗೂ ಒಂದು ಮೈದಾನ, ಪ್ರತಿ ಪ್ರೌಢಶಾಲೆಗೂ ಒಬ್ಬ ವ್ಯಾಯಾಮ ಶಿಕ್ಷಕ, ಇದು ಕೇಳಲೇ ನಾಚಿಕೆಯಾಗುವಷ್ಟು ಸಣ್ಣ ಬೇಡಿಕೆ. ಆದರೂ ಕೇಳಬೇಕಾಗಿದೆ.

ನಂಗಲಿಯ ಸಂಗಾತಿಗೆ ನಾವು ಹೇಳುವುದಿಷ್ಟು. ನಿಮ್ಮ ಮಗ ಆಡಲಿ. ಸೋತು ಬಂದ ದಿನ ಅವನಿಗೆ ಬೈಯಬೇಡಿ, ಬಿಸಿನೀರು ಕಾಯಿಸಿಕೊಡಿ. ಸೋತ ತಂಡ ಮುಂದಿನ ವರ್ಷ ಮತ್ತೆ ಮೈದಾನಕ್ಕಿಳಿಯಬಹುದು. ಮುಚ್ಚಿದ ತಂಡ ಇಳಿಯಲಾರದು. ಅವನು ಆಡುವುದು ಅವನ ಕೆಲಸ. ಮೈದಾನ ಮಾರಿಹೋಗದ ಹಾಗೆ, ಗೇಟು ಮುಚ್ಚದ ಹಾಗೆ ಕಾಯುವುದು ನಮ್ಮೆಲ್ಲರ ಕೆಲಸ. ಮುಂದಿನ ಬೇಡಿಕೆಪಟ್ಟಿಯನ್ನು ಬರೆಯುವಾಗ ರಾಗಿ, ನೀರು, ಕೂಲಿಗಳ ಸಾಲಿನಲ್ಲಿ ಚೆಂಡೂ ಇರುತ್ತದೆಂದು ನಾವು ಮಾತು ಕೊಡುತ್ತೇವೆ.